ಅಕ್ಟೋಬರ್ ರಾತ್ರಿಗಳಿಗೆ ಕಾಸ್ಮಿಕ್ ಹಾರರ್: ಬೆಂಗಳೂರಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಅಕ್ಟೋಬರ್ ಬಂತು ಅಂದ್ರೆ ನಾವು ಕೆಲವು ಗೆಳೆಯರು ಯಾರಾದರೊಬ್ಬರ ಮನೆಯಲ್ಲಿ ಸೇರಿ ಹಾರರ್ ಸಿನಿಮಾ ನೋಡುತ್ತೇವೆ. ಅದರಲ್ಲೂ ಕಾಸ್ಮಿಕ್ ಹಾರರ್ ಜಾಸ್ತಿ. ಆಫೀಸಿನವರು, ಪಕ್ಕದ ಮನೆಯವರು, ಕಾಲೇಜಿಗೆ ಹೋಗುವ ತಮ್ಮ-ತಂಗಿಯರು ಪ್ರತಿ ವರ್ಷ ಹೆಚ್ಚುಕಮ್ಮಿ ಅದೇ ಪ್ರಶ್ನೆಗಳನ್ನು ಕೇಳುತ್ತಾರೆ. ಅವುಗಳಿಗೆಲ್ಲ ಇಲ್ಲಿ ಉತ್ತರ ಬರೆದಿದ್ದೇನೆ. ಯಾವ ಸಿನಿಮಾದ ಕೊನೆಯನ್ನೂ ಬಿಟ್ಟುಕೊಟ್ಟಿಲ್ಲ, ಧೈರ್ಯವಾಗಿ ಓದಿ.

ಕಾಸ್ಮಿಕ್ ಹಾರರ್ ಅಂದ್ರೆ ಏನು? ದೆವ್ವದ ಸಿನಿಮಾಗೂ ಇದಕ್ಕೂ ಏನು ವ್ಯತ್ಯಾಸ?

ನಮ್ಮ ದೆವ್ವಗಳಿಗೆ ಏನಾದರೂ ಒಂದು ಬೇಕಿರುತ್ತದೆ. ಅನ್ಯಾಯವಾಗಿ ಸತ್ತವಳಿಗೆ ಸೇಡು ಬೇಕು. ಆಸೆ ತೀರದೆ ಹೋದವನಿಗೆ ಆ ಆಸೆ ತೀರಬೇಕು. 1990ರ ದಶಕದಲ್ಲಿ ಬೆಂಗಳೂರಿನಲ್ಲೂ ಸುತ್ತಮುತ್ತಲ ಊರುಗಳಲ್ಲೂ ಮನೆ ಬಾಗಿಲ ಮೇಲೆ 'ನಾಳೆ ಬಾ' ಅಂತ ಬರೆಯುತ್ತಿದ್ದರು, ನೆನಪಿದೆಯಾ? ರಾತ್ರಿ ಬಾಗಿಲು ತಟ್ಟಲು ಬಂದ ದೆವ್ವ ಅದನ್ನು ಓದಿ ಹೊರಟು ಹೋಗುತ್ತದೆ. ಮಾರನೇ ದಿನ ಬಂದು ಮತ್ತೆ ಓದುತ್ತದೆ, ಮತ್ತೆ ಹೋಗುತ್ತದೆ. ಅಂದರೆ ಆ ದೆವ್ವಕ್ಕೆ ನಮ್ಮ ಭಾಷೆ ಬರುತ್ತದೆ. ನಾವು ಹೇಳಿದ್ದಕ್ಕೆ ಅದು ಬೆಲೆ ಕೊಡುತ್ತದೆ. ಎಷ್ಟೇ ಹೆದರಿಸಿದರೂ ಅದು ನಮ್ಮ ಬೀದಿಯದ್ದೇ.

ಕಾಸ್ಮಿಕ್ ಹಾರರ್‌ನಲ್ಲಿ ಬರುವುದು ಆ ಬಾಗಿಲ ಕಡೆ ತಿರುಗಿಯೂ ನೋಡುವುದಿಲ್ಲ. ಅದಕ್ಕೆ ನಮ್ಮ ಮೇಲೆ ಸಿಟ್ಟಿಲ್ಲ, ಸೇಡಿಲ್ಲ. ನಾವು ಇದ್ದೇವೆ ಅನ್ನುವುದೂ ಅದಕ್ಕೆ ಲೆಕ್ಕಕ್ಕಿಲ್ಲ. ರಸ್ತೆ ಅಗೆಯುವ ಜೆಸಿಬಿಗೆ ಮಣ್ಣಿನೊಳಗಿನ ಇರುವೆ ಗೂಡಿನ ಮೇಲೆ ದ್ವೇಷ ಇರುತ್ತದಾ? ಗೂಡು ಹಾಳಾಗುತ್ತದೆ, ಅಷ್ಟೆ. ಇರುವೆಯ ಜಾಗದಲ್ಲಿ ನಿಂತು ಆ ಜೆಸಿಬಿಯನ್ನು ನೋಡಿದರೆ ಹೇಗಿರುತ್ತದೋ, ಅದನ್ನೇ ಈ ಸಿನಿಮಾಗಳು ತೋರಿಸುತ್ತವೆ.

ಹಾಗಾಗಿ ಇಲ್ಲಿ ಮಂತ್ರ ನಡೆಯುವುದಿಲ್ಲ, ಕ್ಷಮೆ ಕೇಳಿದರೆ ಪ್ರಯೋಜನ ಇಲ್ಲ, ಹರಕೆ ಕಟ್ಟಿಕೊಳ್ಳಲು ಎದುರಿಗೆ ಯಾರೂ ಇಲ್ಲ. ದೆವ್ವದ ಕಥೆ ಕೇಳುತ್ತಲೇ ಬೆಳೆದ ನಮಗೆ ಈ ಭಯ ಹೊಸದು. ನನಗೆ ಈ ಸಿನಿಮಾಗಳು ಹಿಡಿಸಿದ್ದು ಇದಕ್ಕೇ.

ಇದನ್ನು ಶುರು ಮಾಡಿದವರು ಯಾರು?

ಅಮೆರಿಕದ ಪ್ರಾವಿಡೆನ್ಸ್ ಎಂಬ ಊರಿನ ಎಚ್.ಪಿ. ಲವ್‌ಕ್ರಾಫ್ಟ್ (1890–1937) ಎಂಬ ಕಥೆಗಾರ ಇದಕ್ಕೊಂದು ರೂಪ ಕೊಟ್ಟರು. ಅವರಿಗಿಂತ ಮೊದಲೂ ಈ ಜಾತಿಯ ಕಥೆ ಬರೆದವರಿದ್ದರು. ಆದರೆ ಇವತ್ತು ಈ ಬಗೆಯ ಸಿನಿಮಾ ಮಾಡುವವರೆಲ್ಲ ಒಂದಲ್ಲ ಒಂದು ರೀತಿ ಇವರ ಸಾಲಗಾರರು.

ಲವ್‌ಕ್ರಾಫ್ಟ್‌ಗೆ ಚಿಕ್ಕಂದಿನಿಂದ ಖಗೋಳದ ಹುಚ್ಚು. ಊರಿನ ಪತ್ರಿಕೆಗಳಿಗೆ ಆಕಾಶದ ಬಗ್ಗೆ ಅಂಕಣ ಬರೆಯುತ್ತಿದ್ದರು. ಅವರು ಮುಖ್ಯ ಕಥೆಗಳನ್ನು ಬರೆಯುತ್ತಿದ್ದ 1920ರ ದಶಕದಲ್ಲೇ ಎಡ್ವಿನ್ ಹಬಲ್ ಎಂಬ ವಿಜ್ಞಾನಿ ಆಂಡ್ರೊಮೀಡಾ ನಮ್ಮ ಆಕಾಶಗಂಗೆಯ ಒಳಗಿಲ್ಲ, ಅದು ಬೇರೆಯದೇ ಒಂದು ಗ್ಯಾಲಕ್ಸಿ ಎಂದು ತೋರಿಸಿಕೊಟ್ಟರು. ವಿಶ್ವ ಅಂದುಕೊಂಡದ್ದಕ್ಕಿಂತ ಎಷ್ಟೋ ಪಟ್ಟು ದೊಡ್ಡದು ಎಂದು ಜನಕ್ಕೆ ಗೊತ್ತಾಗುತ್ತಿದ್ದ ಕಾಲ ಅದು. 'ಹಾಗಾದರೆ ಇದರಲ್ಲಿ ನಾವು ಯಾವ ಮೂಲೆ?' ಅನ್ನುವ ಪ್ರಶ್ನೆಯನ್ನು ವಿಜ್ಞಾನಿಗಳು ಬೆರಗಿನಿಂದ ಕೇಳಿದರು, ಲವ್‌ಕ್ರಾಫ್ಟ್ ಹೆದರಿಕೆಯಿಂದ ಕೇಳಿದರು.

ಅವರು ಜನಾಂಗೀಯ ದ್ವೇಷಿ ಅಂತ ಕೇಳಿದ್ದೇವೆ. ನಿಜವಾ?

ನಿಜ. ಅವರ ಪತ್ರಗಳಲ್ಲೂ ಕೆಲವು ಕಥೆಗಳಲ್ಲೂ ಅದು ಎದ್ದು ಕಾಣುತ್ತದೆ. ಅವರ ಕಣ್ಣಲ್ಲಿ ನಮ್ಮಂಥವರೂ ಕೀಳೇ. ಇದನ್ನು ಮುಚ್ಚಿಡುವುದರಲ್ಲಿ ಅರ್ಥ ಇಲ್ಲ. ವರ್ಲ್ಡ್ ಫ್ಯಾಂಟಸಿ ಅವಾರ್ಡ್‌ನ ಸ್ಮರಣಿಕೆ ಮೊದಲು ಲವ್‌ಕ್ರಾಫ್ಟ್ ಮುಖದ ಪ್ರತಿಮೆಯೇ ಆಗಿತ್ತು. ಲೇಖಕರಿಂದ ವಿರೋಧ ಬಂದ ಮೇಲೆ 2015ರಲ್ಲಿ ಅದನ್ನು ಕೈಬಿಟ್ಟರು. ವಿಕ್ಟರ್ ಲವಾಲ್ ಎಂಬ ಕಪ್ಪು ಲೇಖಕ ಲವ್‌ಕ್ರಾಫ್ಟ್‌ರ 'ದಿ ಹಾರರ್ ಅಟ್ ರೆಡ್ ಹುಕ್' ಎಂಬ ಬಹಳ ದ್ವೇಷದ ಕಥೆಯನ್ನು ಎತ್ತಿಕೊಂಡು, ಅದನ್ನು ಕಪ್ಪು ಯುವಕನೊಬ್ಬನ ಕಣ್ಣಿಂದ ತಿರುಗಿಸಿ ಬರೆದಿದ್ದಾರೆ. ಆ ಕಿರುಕಾದಂಬರಿಯ ಹೆಸರು 'ದಿ ಬ್ಯಾಲಡ್ ಆಫ್ ಬ್ಲ್ಯಾಕ್ ಟಾಮ್' (2016). ಎರಡನ್ನೂ ಓದಿ ಅನ್ನುವುದು ನನ್ನ ಸಲಹೆ. ಆ ಭಯ ನಮ್ಮದೂ ಹೌದು, ಆ ದ್ವೇಷ ನಮಗೆ ಬೇಡ.

ಹ್ಯಾಲೋವೀನ್ ನಮ್ಮ ಹಬ್ಬ ಅಲ್ಲ. ಇಲ್ಲಿ ಯಾಕೆ ಬೇಕು?

ಅಮ್ಮ, ಅಜ್ಜಿ, ದೊಡ್ಡಪ್ಪಂದಿರು ಈ ಪ್ರಶ್ನೆ ಕೇಳಿಯೇ ಕೇಳುತ್ತಾರೆ. ಕೇಳುವುದರಲ್ಲಿ ತಪ್ಪೂ ಇಲ್ಲ. ಅಕ್ಟೋಬರ್ 31ರ ಈ ಹಬ್ಬ ಐರ್ಲೆಂಡ್, ಸ್ಕಾಟ್ಲೆಂಡ್ ಕಡೆಯದ್ದು. ಸುಗ್ಗಿ ಮುಗಿದು ಚಳಿಗಾಲ ಶುರುವಾಗುವಾಗ ಸತ್ತವರು ಬಂದು ಹೋಗುತ್ತಾರೆ ಎಂಬ ಹಳೆಯ ನಂಬಿಕೆಗೂ, ನವೆಂಬರ್ 1ರ ಕ್ರೈಸ್ತ ಸಂತರ ಹಬ್ಬಕ್ಕೂ ಗಂಟು ಬಿದ್ದು ಬೆಳೆದದ್ದು.

ಆದರೆ ನಮ್ಮಲ್ಲೂ ಇದು ಹಿರಿಯರನ್ನು ನೆನೆಯುವ ಕಾಲವೇ. ಮಹಾಲಯ ಅಮಾವಾಸ್ಯೆಗೆ ಎಡೆ ಇಡುತ್ತೇವೆ. ನವೆಂಬರ್ 2ರಂದು ಹೊಸೂರು ರಸ್ತೆಯ, ಕಲ್ಪಳ್ಳಿಯ ಸ್ಮಶಾನಗಳಲ್ಲಿ ಕ್ರೈಸ್ತ ಕುಟುಂಬಗಳು ಸಮಾಧಿ ತೊಳೆದು, ಹೂವಿಟ್ಟು, ಮೇಣದಬತ್ತಿ ಹಚ್ಚುತ್ತಾರೆ. ಅಲ್ಲಿಯವರು ಕುಂಬಳಕಾಯಿ ಕೆತ್ತಿ ದೀಪ ಇಡುತ್ತಾರೆ. ಇಲ್ಲಿ ಆಯುಧಪೂಜೆಗೆ ಬೂದುಗುಂಬಳ ಕೊಯ್ದು ಕುಂಕುಮ ತುಂಬಿ, ನಿವಾಳಿಸಿ, ಗಾಡಿ ಮುಂದೆ ಒಡೆಯುತ್ತೇವೆ. ಕೆಟ್ಟ ದೃಷ್ಟಿಯನ್ನು ಹಾಗೆ ಕಳಿಸಿಬಿಡಬಹುದು ಎಂಬ ಭರವಸೆ ಎರಡೂ ಕಡೆ ಇದೆ. ಅದೇ ಭರವಸೆ ಇಲ್ಲದಿದ್ದರೆ ಹೇಗೆ ಎಂದು ಕೇಳುವ ಸಿನಿಮಾಗಳನ್ನು ಇದೇ ತಿಂಗಳಲ್ಲಿ ನೋಡಿದರೆ ಚೆನ್ನಾಗಿ ನಾಟುತ್ತದೆ.

ಮುಖವಾಡ ಹಾಕಿಕೊಳ್ಳುವುದು, ಮನೆಗೆ ಪ್ಲಾಸ್ಟಿಕ್ ಅಸ್ಥಿಪಂಜರ ತೂಗುಹಾಕುವುದು ನಿಮ್ಮ ಇಷ್ಟ. ಸಿನಿಮಾಗೆ ಅದರ ಅಗತ್ಯ ಇಲ್ಲ. ಇನ್ನೊಂದು ಅನುಕೂಲ: ಮಾರನೇ ದಿನ ಕನ್ನಡ ರಾಜ್ಯೋತ್ಸವ, ರಜೆ. ತಡವಾಗಿ ಮಲಗಬಹುದು. ಬೆಳಗ್ಗೆ ಬಾವುಟ ಹಾರಿಸುವ ಜವಾಬ್ದಾರಿ ನಿಮ್ಮದಾಗಿದ್ದರೆ ಮಾತ್ರ ಒಂದೇ ಸಿನಿಮಾಗೆ ನಿಲ್ಲಿಸಿ.

ಮೊದಲ ಸಲ ನೋಡುವವರು ಯಾವುದರಿಂದ ಶುರು ಮಾಡಬೇಕು?

ಜಾನ್ ಕಾರ್ಪೆಂಟರ್ ನಿರ್ದೇಶನದ 'ದಿ ಥಿಂಗ್' (1982). ನನ್ನ ಮಟ್ಟಿಗೆ ಇದರಲ್ಲಿ ಎರಡನೇ ಮಾತಿಲ್ಲ.

ಅಂಟಾರ್ಕ್ಟಿಕಾದ ಒಂದು ಸಂಶೋಧನಾ ಶಿಬಿರ. ಹನ್ನೆರಡು ಜನ ಗಂಡಸರು. ಹಿಮದ ಮೇಲೆ ಒಂದು ನಾಯಿ ಓಡಿಬರುತ್ತದೆ. ಅದರ ಹಿಂದೆ ಹೆಲಿಕಾಪ್ಟರ್, ಅದರಿಂದ ನಾಯಿಗೆ ಗುಂಡು ಹಾರಿಸುತ್ತಿದ್ದಾರೆ. ನೋಡುವ ನಮಗೆ ನಾಯಿಯ ಮೇಲೆ ಕನಿಕರ ಬರುತ್ತದೆ. ಶಿಬಿರದವರಿಗೂ ಹಾಗೇ ಆಗುತ್ತದೆ, ಒಳಗೆ ಕರೆದುಕೊಳ್ಳುತ್ತಾರೆ.

ಆಮೇಲೆ ಬರುವ ಒಂದು ದೃಶ್ಯವನ್ನು ಗಮನವಿಟ್ಟು ನೋಡಿ. ಆ ನಾಯಿ ಕಾರಿಡಾರಿನಲ್ಲಿ ಒಬ್ಬಂಟಿಯಾಗಿ ನಡೆಯುತ್ತದೆ. ಬೊಗಳುವುದಿಲ್ಲ, ಮೂಸುವುದಿಲ್ಲ, ಬಾಲ ಆಡಿಸುವುದಿಲ್ಲ. ಒಂದು ಬಾಗಿಲ ಹತ್ತಿರ ನಿಂತು ಒಳಗೆ ನೋಡುತ್ತದೆ. ಒಳಗಿನ ಗೋಡೆಯ ಮೇಲೆ ಒಬ್ಬ ಮನುಷ್ಯನ ನೆರಳು. ನಾಯಿ ಒಳಗೆ ಹೋಗುತ್ತದೆ, ನೆರಳು ತಿರುಗುತ್ತದೆ, ಪರದೆ ಕಪ್ಪಾಗುತ್ತದೆ. ಆ ನೆರಳು ಯಾರದ್ದು ಅಂತ ಸಿನಿಮಾ ಹೇಳುವುದಿಲ್ಲ. ರಕ್ತ ಇಲ್ಲ, ಕಿರುಚಾಟ ಇಲ್ಲ. ಆದರೂ ಅಲ್ಲಿಂದ ಮುಂದೆ ಪರದೆ ಮೇಲೆ ಇಬ್ಬರು ಮಾತಾಡುತ್ತಿದ್ದರೆ ಇಬ್ಬರನ್ನೂ ನಂಬಲು ಆಗುವುದಿಲ್ಲ. ಆ ನಾಯಿಯ ಪಾತ್ರ ಮಾಡಿದ್ದು ಜೆಡ್ ಎಂಬ ಹೆಸರಿನ, ತೋಳದ ತಳಿ ಬೆರೆತ ನಾಯಿ. ಅಷ್ಟು ನಿಶ್ಶಬ್ದವಾಗಿ ನಟಿಸಿದ ಇನ್ನೊಂದು ಪ್ರಾಣಿಯನ್ನು ನಾನಂತೂ ನೋಡಿಲ್ಲ.

ಇದರ ಭೀಕರ ಆಕೃತಿಗಳನ್ನೆಲ್ಲ ಕಂಪ್ಯೂಟರ್ ಸಹಾಯ ಇಲ್ಲದೆ, ರಬ್ಬರ್, ಬಣ್ಣ, ಜೆಲ್ಲಿ, ಯಂತ್ರಗಳಿಂದ ಕೈಯಾರೆ ಮಾಡಿದ್ದು. ಆ ಕೆಲಸದ ಮುಖ್ಯಸ್ಥ ರಾಬ್ ಬಾಟಿನ್‌ಗೆ ಆಗ ಇಪ್ಪತ್ತೆರಡೋ ಇಪ್ಪತ್ತಮೂರೋ ವರ್ಷ. ಹಗಲುರಾತ್ರಿ ದುಡಿದು ಕೊನೆಗೆ ಆಸ್ಪತ್ರೆ ಸೇರಿದರು. ಸಂಗೀತ ಎನ್ನಿಯೊ ಮೊರಿಕೋನೆ ಅವರದ್ದು. ಇಷ್ಟೆಲ್ಲ ಇದ್ದರೂ ಸಿನಿಮಾ ಓಡಲಿಲ್ಲ. ಪ್ರೀತಿಯ ಅನ್ಯಗ್ರಹ ಜೀವಿಯ 'ಇ.ಟಿ.' ಬಿಡುಗಡೆಯಾಗಿ ಎರಡೇ ವಾರಕ್ಕೆ ಇದು ಬಂತು. ಜನಕ್ಕೆ ಬೇಡವಾಯಿತು, ವಿಮರ್ಶಕರು ಬೈದರು. ವಿಡಿಯೋ ಕ್ಯಾಸೆಟ್ ಬಂದ ಮೇಲೆ ನಿಧಾನಕ್ಕೆ ಅದರ ಬೆಲೆ ಗೊತ್ತಾಯಿತು.

ಅದಾದ ಮೇಲೆ ಯಾವುದು?

'ಏಲಿಯನ್' (1979) ನೋಡಿರುತ್ತೀರಿ. ನೋಡಿದ್ದರೂ ಇನ್ನೊಮ್ಮೆ ನೋಡಿ, ಈ ಸಲ ಆರಂಭದ ಪಾಳುಬಿದ್ದ ಹಡಗಿನ ದೃಶ್ಯಕ್ಕಾಗಿ. ದೊಡ್ಡ ಕುರ್ಚಿಯಂಥ ಯಂತ್ರದಲ್ಲಿ ಕೂತಲ್ಲೇ ಕಲ್ಲಾಗಿಹೋದ ಒಂದು ಬೃಹತ್ ಜೀವಿ. ಯಾರದು, ಎಲ್ಲಿಂದ ಬಂತು, ಎಷ್ಟು ಕಾಲವಾಯಿತು? ಆ ಸಿನಿಮಾ ಒಂದಕ್ಕೂ ಉತ್ತರ ಕೊಡದೆ ಮುಂದೆ ಹೋಗುತ್ತದೆ. ಆಮೇಲೆ ಬರುವ ಪ್ರಾಣಿಗಿಂತ ನನಗೆ ಹೆಚ್ಚು ಕಾಡುವುದು ಇದು.

'ಅನೈಹಿಲೇಷನ್' (2018) ಇತ್ತೀಚಿನವುಗಳಲ್ಲಿ ನನ್ನ ಅಚ್ಚುಮೆಚ್ಚಿನದ್ದು. ಒಂದು ದೀಪಸ್ತಂಭಕ್ಕೆ ಆಕಾಶದಿಂದ ಏನೋ ಬಂದು ಬಡಿಯುತ್ತದೆ. ಸುತ್ತಲಿನ ಕಾಡು ಬದಲಾಗುತ್ತಾ ಹೋಗುತ್ತದೆ. ಒಂದೇ ಬಳ್ಳಿಯಲ್ಲಿ ಬೇರೆ ಬೇರೆ ಜಾತಿಯ ಹೂಗಳು, ಮನುಷ್ಯರ ಆಕಾರದಲ್ಲಿ ಬೆಳೆದು ನಿಂತ ಗಿಡಗಳು. ಒಳಗೆ ಹೋಗುವ ಐದು ಜನ ಹೆಂಗಸರಲ್ಲಿ ವಿಜ್ಞಾನಿಗಳೇ ಹೆಚ್ಚು. ಭಯ ಎಷ್ಟಿದೆಯೋ ಅಷ್ಟೇ ಚೆಲುವೂ ಇದೆ. ಕರಡಿಯ ದೃಶ್ಯ ಒಂದಿದೆ, ಅದರ ಬಗ್ಗೆ ಮೊದಲೇ ಯಾರಿಂದಲೂ ಕೇಳಿಸಿಕೊಳ್ಳಬೇಡಿ.

ಕಾರ್ಪೆಂಟರ್ ಅವರದ್ದೇ 'ಇನ್ ದಿ ಮೌತ್ ಆಫ್ ಮ್ಯಾಡ್ನೆಸ್' (1994) ಕಾಣೆಯಾದ ಹಾರರ್ ಲೇಖಕನನ್ನು ಹುಡುಕಿಕೊಂಡು ಹೋಗುವ ವಿಮಾ ಕಂಪನಿಯ ತನಿಖೆಗಾರನ ಕಥೆ. 'ದಿ ಮಿಸ್ಟ್' (2007) ಮಂಜು ಕವಿದ ಊರಿನ ಸೂಪರ್ ಮಾರ್ಕೆಟ್ಟಿನಲ್ಲಿ ಸಿಕ್ಕಿಬಿದ್ದ ಜನರದ್ದು. ಇದರ ಕೊನೆ ಮೂಲ ಕಥೆಯಲ್ಲಿ ಇದ್ದದ್ದಲ್ಲ, ನಿರ್ದೇಶಕರು ಬದಲಾಯಿಸಿದ್ದು. ಮನಸ್ಸು ಭಾರವಾಗಿರುವ ದಿನ ಇದನ್ನು ಹಾಕಬೇಡಿ.

'ಕಲರ್ ಔಟ್ ಆಫ್ ಸ್ಪೇಸ್' (2019) ಒಂದು ಕಷ್ಟದ ಕೆಲಸಕ್ಕೆ ಕೈ ಹಾಕಿದೆ. ಮೂಲ ಕಥೆಯಲ್ಲಿ ಉಲ್ಕೆಯ ಜೊತೆ ಬರುವುದು ಯಾರೂ ಎಂದೂ ನೋಡಿರದ ಒಂದು ಬಣ್ಣ. ಅದನ್ನು ಪರದೆ ಮೇಲೆ ಹೇಗೆ ತೋರಿಸುತ್ತೀರಿ? ಅವರು ಆರಿಸಿಕೊಂಡಿದ್ದು ಮಜೆಂಟಾ. ಕಾಮನಬಿಲ್ಲಿನಲ್ಲಿ ಮಜೆಂಟಾ ಇಲ್ಲ. ಕೆಂಪು, ನೀಲಿ ಬೆಳಕು ಒಟ್ಟಿಗೆ ಕಣ್ಣಿಗೆ ಬಿದ್ದಾಗ ನಮ್ಮ ಮೆದುಳೇ ಅದನ್ನು ಕಟ್ಟಿಕೊಳ್ಳುತ್ತದೆ. ಇದು ಗೊತ್ತಿದ್ದು ನೋಡಿದರೆ ಆ ಗುಲಾಬಿ ಬೆಳಕು ಬೇರೆಯೇ ಥರ ಕಾಣುತ್ತದೆ.

ಬೆಂಗಳೂರಿನವರಿಗೆ ಇನ್ನೊಂದು ಹೇಳಲೇಬೇಕು: 'ಕ್ವಾಟರ್‌ಮಾಸ್ ಅಂಡ್ ದಿ ಪಿಟ್' (1967). ಲಂಡನ್ನಿನಲ್ಲಿ ಸುರಂಗ ರೈಲಿನ ನಿಲ್ದಾಣಕ್ಕಾಗಿ ಅಗೆಯುವಾಗ ಹಳೆಯ ತಲೆಬುರುಡೆಗಳು ಸಿಗುತ್ತವೆ. ಇನ್ನೂ ಅಗೆದರೆ ಲೋಹದ ಒಂದು ವಾಹನ. ವರ್ಷಗಟ್ಟಲೆ ಮೆಟ್ರೋ ಬ್ಯಾರಿಕೇಡ್ ಪಕ್ಕದಲ್ಲೇ ಓಡಾಡಿದ ನಮಗೆ ಆ ಮಣ್ಣು, ಆ ಕೆಲಸಗಾರರ ಗಡಿಬಿಡಿ ಚೆನ್ನಾಗಿ ಪರಿಚಯ.

ನಮ್ಮ ದೇಶದ ಸಿನಿಮಾ ಇದೆಯಾ? ಕನ್ನಡದಲ್ಲಿ?

ಹಿಂದಿಯ 'ತುಂಬಾಡ್' (2018) ಇದೆ. 2024ರ ಸೆಪ್ಟೆಂಬರ್‌ನಲ್ಲಿ ಮರುಬಿಡುಗಡೆಯಾಗಿ ಮೊದಲ ಸಲಕ್ಕಿಂತ ಜಾಸ್ತಿ ಗಳಿಸಿತು. ಮಹಾರಾಷ್ಟ್ರದ ಹಳ್ಳಿ, ಬಿಡದೆ ಸುರಿಯುವ ಮಳೆ, ಯಾರೂ ಪೂಜಿಸಬಾರದೆಂದು ಶಾಪ ಪಡೆದ ಹಸ್ತರ್ ಎಂಬ ದೇವತೆ. ಆ ನೆಲಮಾಳಿಗೆಯ ಕೆಂಪು ಗೋಡೆಗಳು ಮರೆಯುವಂಥದ್ದಲ್ಲ. ಆದರೆ ಹಸ್ತರ್‌ಗೂ ಆಸೆ ಇದೆ. ಅವನಿಗೆ ಚಿನ್ನ ಬೇಕು, ಹಿಟ್ಟು ಬೇಕು. ಅವನ ಜೊತೆ ಒಂದು ಲೆಕ್ಕಾಚಾರ ಸಾಧ್ಯ. ಹಾಗಾಗಿ ನಾನು ಅದನ್ನು ಅರ್ಧ ಕಾಸ್ಮಿಕ್, ಅರ್ಧ ದುರಾಸೆಯ ಕಥೆ ಅನ್ನುತ್ತೇನೆ. ಎರಡೂ ಅರ್ಧ ಅದ್ಭುತವಾಗಿವೆ.

ಕನ್ನಡದಲ್ಲಿ ಒಳ್ಳೆಯ ದೆವ್ವದ ಸಿನಿಮಾಗಳಿವೆ. 'ನಾ ನಿನ್ನ ಬಿಡಲಾರೆ' (1979) ನೋಡಿ ಹೆದರಿದವರು ಇವತ್ತಿಗೂ ಆ ಕಥೆ ಹೇಳುತ್ತಾರೆ. ಆದರೆ ಆ ದೆವ್ವಕ್ಕೊಂದು ಹೆಸರಿದೆ, ಆಸೆಯಿದೆ, ಕಾಪಾಡಲು ರಾಯರಿದ್ದಾರೆ. ಸಿನಿಮಾ ಬಿಟ್ಟು ಪುಸ್ತಕಕ್ಕೆ ಬಂದರೆ ತೇಜಸ್ವಿಯವರ 'ಕರ್ವಾಲೊ' (1980) ನನಗೆ ನೆನಪಾಗುತ್ತದೆ. ಹಾರುವ ಓತಿಯ ಬೆನ್ನು ಹತ್ತಿ ಕಾಡಿಗೆ ಹೋದವರು ಕೊನೆಗೆ ಕೋಟ್ಯಂತರ ವರ್ಷಗಳ ಎದುರು ನಿಲ್ಲುತ್ತಾರೆ. ಅಲ್ಲಿ ಹೆದರಿಕೆ ಇಲ್ಲ, ಬರಿಯ ಬೆರಗು. ಆ ಬೆರಗಿಗೆ ಒಂದು ಹನಿ ಭಯ ಬೆರೆಸಿದರೆ ಕನ್ನಡದ್ದೇ ಆದ ಕಾಸ್ಮಿಕ್ ಹಾರರ್ ಸಿಗುತ್ತದೆ. ಯಾರಾದರೂ ಅದನ್ನು ಸಿನಿಮಾ ಮಾಡಲಿ ಎಂದು ಕಾಯುತ್ತಿದ್ದೇನೆ.

ಗೀತೆಯ ವಿಶ್ವರೂಪ ದರ್ಶನವೂ ಇದೇ ಅಲ್ವಾ?

ಇದನ್ನು ಕೇಳಿದವರು ಗೆಳೆಯರೊಬ್ಬರ ತಂದೆ. ತುಂಬ ಒಳ್ಳೆಯ ಪ್ರಶ್ನೆ. ಹನ್ನೊಂದನೇ ಅಧ್ಯಾಯ ತೆಗೆದು ಓದಿ. ನೋಡಬೇಕು ಎಂದು ಕೇಳಿಕೊಂಡವನು ಅರ್ಜುನನೇ. ಬರಿಗಣ್ಣಿಗೆ ಕಾಣುವುದಿಲ್ಲ ಎಂದು ಕೃಷ್ಣ ದಿವ್ಯದೃಷ್ಟಿ ಕೊಡುತ್ತಾನೆ. ಲೆಕ್ಕವಿಲ್ಲದಷ್ಟು ಬಾಯಿ, ಕಣ್ಣು, ಕೋರೆಹಲ್ಲು. ಎರಡೂ ಕಡೆಯ ವೀರರು ಆ ಬಾಯಿಗಳೊಳಗೆ ನುಗ್ಗುತ್ತಿದ್ದಾರೆ. ಕೆಲವರ ತಲೆ ಹಲ್ಲಿನ ಸಂದಿಯಲ್ಲಿ ಸಿಕ್ಕಿ ನುಗ್ಗಾಗಿದೆ. ಅರ್ಜುನನಿಗೆ ದಿಕ್ಕು ತೋಚುವುದಿಲ್ಲ, ಮೈ ನಡುಗುತ್ತದೆ. ಗೆಳೆಯ ಅಂದುಕೊಂಡು ಸಲಿಗೆಯಿಂದ ಏನೇನೋ ಕರೆದೆ, ಕ್ಷಮಿಸು ಅನ್ನುತ್ತಾನೆ. ಇಷ್ಟರವರೆಗೆ ಯಾವ ಕಾಸ್ಮಿಕ್ ಹಾರರ್ ಕಥೆಗೂ ಇದು ಕಡಿಮೆ ಇಲ್ಲ.

ಆಮೇಲೆ ದಾರಿ ಬೇರೆಯಾಗುತ್ತದೆ. ಅರ್ಜುನ ಬೇಡಿಕೊಂಡಾಗ ಕೃಷ್ಣ ಕೇಳಿಸಿಕೊಳ್ಳುತ್ತಾನೆ. ಹೆದರಬೇಡ ಎಂದು ಸಮಾಧಾನ ಮಾಡಿ ಹಳೆಯ ಸೌಮ್ಯ ರೂಪಕ್ಕೆ ಬರುತ್ತಾನೆ. ಆ ಅಗಾಧದೊಳಗೆ ನಮ್ಮನ್ನು ಬಲ್ಲವನೊಬ್ಬ ಇದ್ದಾನೆ ಎಂದು ಗೀತೆ ಹೇಳುತ್ತದೆ. ಅರ್ಜುನ ಕೈ ಮುಗಿದು ಬೇಡಿದರೂ ಆ ಕಡೆಯಿಂದ ಉತ್ತರವೇ ಬರದಿದ್ದರೆ? ಈ ಸಿನಿಮಾಗಳು ನಿಲ್ಲುವುದು ಅಲ್ಲಿ.

ರಕ್ತ, ಮಾಂಸ ನೋಡಲು ಆಗುವುದಿಲ್ಲ. ನನಗೇನಾದರೂ ಇದೆಯಾ?

ಇದೆ. ಆದರೆ 'ದಿ ಥಿಂಗ್' ನಿಮಗಲ್ಲ. ರಷ್ಯಾದ ನಿರ್ದೇಶಕ ತಾರ್ಕೋವ್‌ಸ್ಕಿಯ 'ಸ್ಟಾಕರ್' (1979) ನೋಡಿ. ರಾಕ್ಷಸರಿಲ್ಲ, ರಕ್ತವಿಲ್ಲ. ಮೂವರು ಗಂಡಸರು, ಹುಲ್ಲು, ನೀರು, ಪಾಳುಬಿದ್ದ ಕಟ್ಟಡ. ಏನೋ ಬಂದು ಹೋದ ಜಾಗ ಅದು, ಅಲ್ಲಿ ನೇರ ದಾರಿಯಲ್ಲಿ ನಡೆಯುವ ಹಾಗಿಲ್ಲ. ಎರಡೂವರೆ ಗಂಟೆಗೂ ಜಾಸ್ತಿ, ತುಂಬ ನಿಧಾನ. ನಿದ್ದೆ ಬಂದಿರುವಾಗ ಹಾಕಬೇಡಿ.

ಚಿಕ್ಕದು ಬೇಕಾದರೆ 2005ರ 'ದಿ ಕಾಲ್ ಆಫ್ ಕಥುಲ್ಹು' ಇದೆ. ಲವ್‌ಕ್ರಾಫ್ಟ್ ಅಭಿಮಾನಿಗಳು ಸೇರಿ 1920ರ ದಶಕದ ಮೂಕಿ ಚಿತ್ರದ ಹಾಗೆಯೇ ಕಪ್ಪುಬಿಳುಪಿನಲ್ಲಿ ಮಾಡಿದ್ದು. 47 ನಿಮಿಷ ಅಷ್ಟೇ.

ಕೊನೆಗೆ ಏನೂ ಅರ್ಥ ಆಗಲಿಲ್ಲ. ನಾನು ಸರಿಯಾಗಿ ನೋಡಲಿಲ್ವಾ?

ಸರಿಯಾಗಿಯೇ ನೋಡಿದ್ದೀರಿ. ಪಾತ್ರಗಳಿಗೂ ಅರ್ಥ ಆಗಿರುವುದಿಲ್ಲ. ಮನುಷ್ಯರ ತಲೆಗೆ ನಿಲುಕದ್ದು ಎಂದು ಹೇಳಹೊರಟ ಕಥೆ ಕೊನೆಗೆ ಎಲ್ಲವನ್ನೂ ಬಿಡಿಸಿ ಹೇಳಿದರೆ ಅದು ಮೋಸ. ಸಿನಿಮಾ ಮುಗಿದ ತಕ್ಷಣ ಮೊಬೈಲ್ ತೆಗೆದು ಕೊನೆಯ ವಿವರಣೆ ಹೇಳುವ ವಿಡಿಯೋ ಹುಡುಕಬೇಡಿ. ಒಂದು ರಾತ್ರಿ ಹಾಗೇ ಬಿಡಿ. ಜೊತೆಗೆ ನೋಡಿದವರ ಜೊತೆ ಮಾತಾಡಿ.

ನಮ್ಮ ಟಿವಿಯಲ್ಲಿ ಎಲ್ಲ ಕಪ್ಪಾಗಿ ಕಾಣುತ್ತದೆ. ಏನು ಮಾಡಬೇಕು?

ಬಂದ ಎಲ್ಲರೂ ಕೇಳುವ ಪ್ರಶ್ನೆ ಇದು. ಇಂಥ ಸಿನಿಮಾಗಳಲ್ಲಿ ಅರ್ಧ ಕಥೆ ಕತ್ತಲಲ್ಲೇ ಇರುತ್ತದೆ, ಆದ್ದರಿಂದ ಹತ್ತು ನಿಮಿಷ ಇದಕ್ಕೆ ಕೊಡಿ.

ಮೊದಲು ಪಿಕ್ಚರ್ ಮೋಡ್ ನೋಡಿ. 'ವಿವಿಡ್' ಇದ್ದರೆ ತೆಗೆದು 'ಸಿನಿಮಾ' ಅಥವಾ 'ಫಿಲಂಮೇಕರ್ ಮೋಡ್'ಗೆ ಹಾಕಿ. ಆಮೇಲೆ ಮೋಷನ್ ಸ್ಮೂತಿಂಗ್ ಆಫ್ ಮಾಡಿ. ಒಂದೊಂದು ಕಂಪನಿ ಇದಕ್ಕೆ ಒಂದೊಂದು ಹೆಸರು ಇಟ್ಟಿರುತ್ತದೆ. ಇದು ಆನ್ ಇದ್ದರೆ ಸಿನಿಮಾ ಧಾರಾವಾಹಿಯ ಹಾಗೆ ಕಾಣುತ್ತದೆ. ಕರೆಂಟ್ ಉಳಿಸುವ ಇಕೋ ಮೋಡ್ ಕೂಡ ಆಫ್ ಮಾಡಿ. ಕೋಣೆ ಕತ್ತಲಾದ ಕೂಡಲೇ ಅದು ಪರದೆಯನ್ನೂ ಮಂಕು ಮಾಡುತ್ತದೆ.

ಟ್ಯೂಬ್‌ಲೈಟ್ ಆರಿಸಿ. ಪೂರ್ತಿ ಕತ್ತಲೆಯಲ್ಲಿ ಕಣ್ಣು ನೋಯುವವರು ಟಿವಿಯ ಹಿಂದೆ ಒಂದು ಸಣ್ಣ ಬಲ್ಬ್ ಇಡಿ, ಗಾಜಿನ ಮೇಲೆ ಬೆಳಕು ಬೀಳುವುದಿಲ್ಲ. ಇಂಟರ್ನೆಟ್ ನಿಧಾನವಾಗಿದ್ದರೆ ಕಪ್ಪು ಜಾಗಗಳಲ್ಲಿ ಚೌಕಚೌಕ ಕಲೆ ಕಾಣುತ್ತದೆ. ಅದು ಟಿವಿಯ ತಪ್ಪಲ್ಲ. ಆ್ಯಪ್‌ನಲ್ಲಿ ಅತಿ ಹೆಚ್ಚಿನ ಕ್ವಾಲಿಟಿ ಆರಿಸಿ, ಡೌನ್‌ಲೋಡ್ ಮಾಡಿಕೊಳ್ಳಲು ಬಂದರೆ ಹಗಲಲ್ಲೇ ಮಾಡಿಟ್ಟುಕೊಳ್ಳಿ.

ದೀಪಸ್ತಂಭ ಕಾಯುವ ಇಬ್ಬರ ಕಥೆಯಾದ 'ದಿ ಲೈಟ್‌ಹೌಸ್' (2019) ನೋಡುವವರಿಗೆ ಒಂದು ಮಾತು. ಅದರ ಚೌಕಟ್ಟು ಹೆಚ್ಚುಕಮ್ಮಿ ಚೌಕಾಕಾರ. ಎಡಬಲಕ್ಕೆ ಕಪ್ಪು ಪಟ್ಟಿ ಇರಬೇಕಾದ್ದೇ. ಜೂಮ್ ಮಾಡಿ ಪರದೆ ತುಂಬಿಸಿದರೆ ಇಬ್ಬರ ತಲೆಯೂ ಕತ್ತರಿಸಿ ಹೋಗುತ್ತದೆ. ಆ ಇಕ್ಕಟ್ಟನ್ನು ನೀವು ಅನುಭವಿಸಲಿ ಎಂದೇ ಹಾಗೆ ತೆಗೆದಿದ್ದಾರೆ.

ಸೌಂಡ್ ಎಷ್ಟು ಇಡಬಹುದು? ಕೆಳಗಿನ ಮನೆಯವರು ಬೇಸರ ಮಾಡಿಕೊಳ್ಳುತ್ತಾರೆ.

ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಶಬ್ದ ಮಾಲಿನ್ಯ ನಿಯಮದ ಪ್ರಕಾರ ರಾತ್ರಿ ವೇಳೆ. ನಿಯಮ ಬಿಡಿ, ಪಕ್ಕದ ಮನೆಯಲ್ಲಿ ಮಗುವೋ ವಯಸ್ಸಾದವರೋ ಇರುತ್ತಾರೆ. ತೊಂದರೆ ಕೊಡುವುದು ಮಾತಿನ ಸದ್ದಲ್ಲ, ಗುಂಯ್‌ಗುಡುವ ಬೇಸ್. ಅದು ನೆಲದಿಂದಲೇ ಕೆಳಗಿನ ಮನೆಗೆ ಇಳಿಯುತ್ತದೆ. ಸಬ್‌ವೂಫರ್ ಕೆಳಗೆ ಜಮಖಾನ ಮಡಚಿ ಹಾಕಿ, ಹತ್ತರ ನಂತರ ಬೇಸ್ ಇಳಿಸಿ. ಒಬ್ಬರೇ ನೋಡುವಾಗ ಒಳ್ಳೆಯ ಹೆಡ್‌ಫೋನ್ ಸಾಕು, ಸಣ್ಣಸಣ್ಣ ಸದ್ದುಗಳು ಇನ್ನೂ ಚೆನ್ನಾಗಿ ಕೇಳುತ್ತವೆ. ಸಬ್‌ಟೈಟಲ್ ಹಾಕಿಕೊಳ್ಳಲು ಸಂಕೋಚ ಬೇಡ. 'ದಿ ಲೈಟ್‌ಹೌಸ್'ನ ಹಳೆಗಾಲದ ಇಂಗ್ಲಿಷ್ ಅದಿಲ್ಲದೆ ತಿಳಿಯುವುದು ಕಷ್ಟ.

ಮಳೆ ಬಂದರೆ? ಪಟಾಕಿ ಹೊಡೆಯುತ್ತಿದ್ದರೆ?

ಅಕ್ಟೋಬರ್ ಬೆಂಗಳೂರಿನ ಜೋರು ಮಳೆಯ ತಿಂಗಳುಗಳಲ್ಲಿ ಒಂದು. ಮಳೆ ಬಂದರೆ ಒಳ್ಳೆಯದೇ, ಯುಪಿಎಸ್ ಚಾರ್ಜ್ ಇದೆಯಾ ನೋಡಿಕೊಳ್ಳಿ. ದೀಪಾವಳಿ ಕೆಲವು ವರ್ಷ ಇದೇ ದಿನಗಳಿಗೆ ಬರುತ್ತದೆ. 2024ರಲ್ಲಂತೂ ನರಕ ಚತುರ್ದಶಿ ಅಕ್ಟೋಬರ್ 31ಕ್ಕೇ ಬಿದ್ದಿತ್ತು. ಪಟಾಕಿ ಸದ್ದಿನಲ್ಲಿ 'ಸ್ಟಾಕರ್' ನೋಡಲು ಆಗುವುದಿಲ್ಲ. ಅಂಥ ವರ್ಷ ಹಬ್ಬ ಮಾಡಿ, ಸಿನಿಮಾವನ್ನು ಮುಂದಿನ ವಾರಕ್ಕೆ ಇಟ್ಟುಕೊಳ್ಳಿ.

ಎಷ್ಟು ಹೊತ್ತಿಗೆ ಶುರು ಮಾಡಬೇಕು? ಒಂದೇ ರಾತ್ರಿ ಎಷ್ಟು ನೋಡಬಹುದು?

ಎರಡು ಸಾಕು. ಅಕ್ಟೋಬರ್ ಕೊನೆಗೆ ಇಲ್ಲಿ ಸಂಜೆ ಆರಕ್ಕೆ ಮೊದಲೇ ಸೂರ್ಯ ಮುಳುಗುತ್ತಾನೆ. ಏಳಕ್ಕೆ 'ದಿ ಥಿಂಗ್' ಹಾಕಿದರೆ ಒಂಬತ್ತಕ್ಕೆ ಮುಂಚೆ ಮುಗಿಯುತ್ತದೆ. ಊಟ ಮಾಡಿ, ಮಾತಾಡಿ, ಒಂಬತ್ತೂವರೆಗೆ 'ಅನೈಹಿಲೇಷನ್' ಹಾಕಿದರೆ ಹನ್ನೊಂದೂವರೆ. ಕೊನೆಯ ಮೆಟ್ರೋ ಹಿಡಿಯುವವರಿದ್ದರೆ ಆರಕ್ಕೇ ಶುರು ಮಾಡಿ. ಊಟ ಬಿಸಿಬೇಳೆಬಾತ್ ಮಾಡಿ, ತಟ್ಟೆಯಲ್ಲಿ ಹಾಕಿಕೊಂಡು ಕೂರಬಹುದು. ನಿಪ್ಪಟ್ಟು, ಚಕ್ಕುಲಿ ಎಲ್ಲ ಮಧ್ಯದ ಬಿಡುವಿಗೆ. ನಾಯಿ ಕಾರಿಡಾರಿನಲ್ಲಿ ನಡೆಯುವಾಗ ಯಾರೋ ಕಟುಂ ಅಂತ ಕಡಿದರೆ ದೃಶ್ಯವೇ ಹಾಳು.

ಮಕ್ಕಳಿಗೆ ತೋರಿಸಬಹುದಾ?

ಮೇಲೆ ಹೇಳಿದ ಬಹುತೇಕ ಸಿನಿಮಾಗಳು ದೊಡ್ಡವರಿಗೆ. ಒಟಿಟಿಯಲ್ಲಿ ಶುರುವಿನಲ್ಲೇ ವಯಸ್ಸಿನ ಗುರುತು ಇರುತ್ತದೆ: ಯು/ಎ 13+, ಯು/ಎ 16+, ಎ ಅಂತ. ಅದನ್ನು ಗಂಭೀರವಾಗಿ ತೆಗೆದುಕೊಳ್ಳಿ. ಮಕ್ಕಳಿಗೆ ವಿಶ್ವದ ಅಗಾಧತೆ ತೋರಿಸಬೇಕೆಂದಿದ್ದರೆ ಟಿ. ಚೌಡಯ್ಯ ರಸ್ತೆಯ ನೆಹರು ತಾರಾಲಯಕ್ಕೆ ಕರೆದುಕೊಂಡು ಹೋಗಿ. ಕನ್ನಡದಲ್ಲೇ ಪ್ರದರ್ಶನ ಇರುತ್ತದೆ.

ನೋಡಿದ ಮೇಲೆ ನಿದ್ದೆ ಬರುವುದಿಲ್ಲ. ಒಂಥರಾ ಖಾಲಿ ಖಾಲಿ ಅನ್ನಿಸುತ್ತದೆ.

ಒಂದು ರಾತ್ರಿ ಹಾಗಾಗುವುದು ಸಹಜ. ಈ ಸಿನಿಮಾಗಳು ಬಿಟ್ಟುಹೋಗುವುದು ಬೆಚ್ಚಿಬೀಳುವ ಭಯವನ್ನಲ್ಲ, 'ನಾವೆಲ್ಲ ಯಾವ ಲೆಕ್ಕ?' ಅನ್ನುವ ಯೋಚನೆಯನ್ನು. ಮೊದಲೇ ಆತಂಕ, ಖಿನ್ನತೆ ಇರುವವರು, ಮನೆಯಲ್ಲಿ ಸಾವಾಗಿ ಇನ್ನೂ ಚೇತರಿಸಿಕೊಳ್ಳದವರು ಒಬ್ಬರೇ ಕೂತು ನೋಡಬೇಡಿ. ಈ ವರ್ಷ ಬಿಟ್ಟರೂ ಏನೂ ನಷ್ಟವಿಲ್ಲ. ದಿನಗಟ್ಟಲೆ ಮನಸ್ಸು ಸರಿಹೋಗದಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು.

ನನ್ನ ಮಟ್ಟಿಗೆ ಕೆಲಸಕ್ಕೆ ಬಂದದ್ದು ಮಾರನೇ ಬೆಳಗ್ಗೆ ಲಾಲ್‌ಬಾಗ್ ಬಂಡೆ ಹತ್ತುವುದು. ಮೇಲೆ ಕೆಂಪೇಗೌಡರ ಗೋಪುರ ಇದೆಯಲ್ಲ, ಅದರ ಕೆಳಗಿನ ಆ ಕಲ್ಲಿಗೆ ಸುಮಾರು 300 ಕೋಟಿ ವರ್ಷ. ಡೈನೋಸಾರ್‌ಗಳು ಅಳಿದದ್ದು 6.6 ಕೋಟಿ ವರ್ಷದ ಹಿಂದೆ, ಅಂದರೆ ಈ ಕಲ್ಲಿನ ಲೆಕ್ಕದಲ್ಲಿ ತೀರಾ ಈಚೆಗೆ. ಕೈ ಇಟ್ಟು ನೋಡಿದರೆ ಬೂದು ಬಣ್ಣದ ಮೇಲೆ ಬಿಳಿ ಪಟ್ಟಿಗಳು ಅಲೆಅಲೆಯಾಗಿ ಹೋಗಿರುವುದು ಕಾಣುತ್ತದೆ. ಒಂದು ಕಾಲಕ್ಕೆ ಆ ಕಲ್ಲು ಬಿಸಿಗೆ, ಒತ್ತಡಕ್ಕೆ ಮೆದುವಾಗಿ ಬಾಗಿದ ಗುರುತು ಅದು. ನಾವು ಅದಕ್ಕೆ ಯಾವ ಲೆಕ್ಕವೂ ಅಲ್ಲ. ಆದರೂ ಅದರ ಮೇಲೆ ಜನ ವಾಕ್ ಮಾಡುತ್ತಾರೆ, ಕಡಲೆಕಾಯಿ ತಿನ್ನುತ್ತಾರೆ, ಮಕ್ಕಳು ಜಾರುತ್ತಾರೆ.

ಬೆಂಗಳೂರಿನಲ್ಲಿ ದೊಡ್ಡ ಪರದೆ ಮೇಲೆ ಎಲ್ಲಿ ನೋಡಬಹುದು?

ಬನಶಂಕರಿಯ ಸುಚಿತ್ರಾ, ದೊಮ್ಮಲೂರಿನ ಬೆಂಗಳೂರು ಇಂಟರ್‌ನ್ಯಾಷನಲ್ ಸೆಂಟರ್, ಇಂದಿರಾನಗರದ ಮ್ಯಾಕ್ಸ್ ಮುಲ್ಲರ್ ಭವನ ಇಲ್ಲೆಲ್ಲ ಸಿನಿಮಾ ತೋರಿಸುತ್ತಾರೆ. ಅವರ ತಿಂಗಳ ಪಟ್ಟಿ ನೋಡುತ್ತಿರಿ. ಮಲ್ಟಿಪ್ಲೆಕ್ಸ್‌ಗಳಲ್ಲಿ ಹಳೆಯ ಸಿನಿಮಾ ಮರುಬಿಡುಗಡೆ ಆಗುವುದು ಈಗ ಜಾಸ್ತಿಯಾಗಿದೆ, ಒಂದು ಕಣ್ಣಿಟ್ಟಿರಿ.

ಓದಬೇಕೆಂದರೆ ಯಾವ ಕಥೆ?

'ದಿ ಕಲರ್ ಔಟ್ ಆಫ್ ಸ್ಪೇಸ್' (1927). ಪುಸ್ತಕ ಬೇಕಾದವರು ಚರ್ಚ್ ಸ್ಟ್ರೀಟ್‌ನ ಹಳೆಪುಸ್ತಕದ ಅಂಗಡಿಗಳಲ್ಲಿ ಹುಡುಕಿ. ಲವ್‌ಕ್ರಾಫ್ಟ್ ತೀರಿಕೊಂಡು 60 ವರ್ಷ ಎಂದೋ ಕಳೆದಿರುವುದರಿಂದ ಭಾರತದಲ್ಲಿ ಕೃತಿಸ್ವಾಮ್ಯವೂ ಮುಗಿದಿದೆ, ಅಂತರ್ಜಾಲದಲ್ಲಿ ಉಚಿತವಾಗಿ ಓದಬಹುದು.

ಕಥೆ ಹೇಳುವವನು ಒಬ್ಬ ಸರ್ವೆಯವನು. ಹೊಸ ಜಲಾಶಯಕ್ಕಾಗಿ ಮುಳುಗಲಿರುವ ಕಣಿವೆಯನ್ನು ಅಳೆಯಲು ಬಂದಿದ್ದಾನೆ. ಅಲ್ಲೊಂದು ಹಾಳುಬಿದ್ದ ತೋಟ, ಒಂದು ಬಾವಿ. ಬಾವಿಯ ಹತ್ತಿರ ಹಿಂದೆಂದೋ ಉಲ್ಕೆ ಬಿದ್ದಿತ್ತು. ಆ ವರ್ಷ ಹಣ್ಣುಗಳು ಎಂದೂ ಇಲ್ಲದಷ್ಟು ದಪ್ಪ ಬಂದವು, ಆದರೆ ಒಂದನ್ನೂ ಬಾಯಿಗಿಡಲು ಆಗಲಿಲ್ಲ. ಒಂಟಿಮನೆ, ಬಾವಿ, ತೋಟ, ಮುಳುಗಡೆ. ಶರಾವತಿ ಕಡೆಯವರಿಗೆ ಇದರಲ್ಲಿ ಒಂದೂ ಪರಕೀಯ ಅನ್ನಿಸುವುದಿಲ್ಲ. ಇದನ್ನು ಮಲೆನಾಡಿನ ಕನ್ನಡಕ್ಕೆ ತರುವ ಮನಸ್ಸಿರುವವರು ಯಾರಾದರೂ ಇದ್ದರೆ ದಯವಿಟ್ಟು ಶುರು ಮಾಡಿ. ಕರಡು ಓದಿ, ಸಾಲು ಸಾಲಾಗಿ ಕೂತು ಚರ್ಚೆ ಮಾಡಲು ನಾನು ತಯಾರಿದ್ದೇನೆ.